ಕರಡಿಗೆಯೊಳಗಿನ ಅಡಿಕೆ

ನಮ್ಮ ಸಮಾಜದವರು ವರ್ಷಕ್ಕೊಂದು ಭಾನುವಾರ ಸೇರಿ, ತೀರಿಹೋದ ಹಿರಿಯರನ್ನು ನೆನೆಯುತ್ತಾರೆ. ಆ ದಿನ ನನ್ನನ್ನು ಮುಂದೆ ಕರೆದು, ವಿಲ್ಸನ್ ಗಾರ್ಡನ್ನಿನ ಆ ಗಂಡಹೆಂಡಿರ ಬಗ್ಗೆ ನಾಲ್ಕು ಮಾತು ಹೇಳಿ ಎನ್ನುತ್ತಾರೆ. ಅವರನ್ನು ಹತ್ತಿರದಿಂದ ಕಂಡವರಲ್ಲಿ ಈಗ ಉಳಿದಿರುವವನು ನಾನೊಬ್ಬನೇ. ನಾನು ಹೋಗಿ ಹೇಳುತ್ತೇನೆ: ಯಜಮಾನರು ನಿಷ್ಠಾವಂತರು, ಅಜ್ಜಿ ಕರುಣಾಮಯಿ, ಸಾವಿನ ಮನೆಗೆ ಕರೆಯುವ ಮೊದಲೇ ಬಂದು ನಿಲ್ಲುತ್ತಿದ್ದರು. ಜನ ತಲೆದೂಗುತ್ತಾರೆ. ಕೊನೆಯಲ್ಲಿ ನನಗೂ ಒಂದು ಶಾಲು ಹೊದಿಸುತ್ತಾರೆ. ಹೇಳಿದ್ದರಲ್ಲಿ ಸುಳ್ಳೇನಿಲ್ಲ. ಆದರೆ ಪ್ರತಿ ವರ್ಷವೂ ಒಂದು ಅಡಿಕೆಯ ವಿಷಯವನ್ನು ಬಿಟ್ಟು ಹೇಳುತ್ತೇನೆ. ಶಾಲುಗಳು ಹನ್ನೊಂದಾದವು. ಇನ್ನು ಮುಚ್ಚಿಡುವುದು ನಾಚಿಕೆಗೇಡು ಎನಿಸಿ, ನಡೆದದ್ದನ್ನು ನಡೆದಂತೆ ಬರೆಯಲು ಕುಳಿತಿದ್ದೇನೆ.

ನಾವು ಕೊರಳಲ್ಲಿ ಲಿಂಗ ಕಟ್ಟಿಕೊಳ್ಳುವ ಜನ. ಕೂಸಾಗಿದ್ದಾಗ ನಮ್ಮ ಗುರುಗಳಾದ ಅಯ್ಯನವರು ಕಟ್ಟಿದ್ದು ಮಣ್ಣಿಗೆ ಹೋಗುವಾಗಲೂ ಜೊತೆಗೇ ಹೋಗಬೇಕು. ಬೆಳ್ಳಿಯದೊಂದು ಪುಟ್ಟ ಡಬ್ಬಿಯಲ್ಲಿ ಅದನ್ನಿಟ್ಟು ದಾರದಿಂದ ಕೊರಳಿಗೆ ಹಾಕಿಕೊಳ್ಳುತ್ತೇವೆ. ಆ ಡಬ್ಬಿಗೆ ಕರಡಿಗೆ ಎನ್ನುತ್ತಾರೆ. ದಿನಾ ಸ್ನಾನದ ಮೇಲೆ ಲಿಂಗವನ್ನು ಎಡಗೈಯ ಮೇಲಿಟ್ಟುಕೊಂಡು, ವಿಭೂತಿ ಹಚ್ಚಿ, ಹೂವಿಟ್ಟು, ಪೂಜೆ ಮಾಡಿದ ಮೇಲೆಯೇ ಊಟ. ನಮ್ಮ ಅವ್ವನ ತವರಿನಲ್ಲಿ ಯಾರದಾದರೂ ಲಿಂಗ ಕಳೆದರೆ, ಅದು ಸಿಗುವವರೆಗೆ ಇಲ್ಲವೇ ಗುರುಗಳು ಬೇರೆ ಕಟ್ಟುವವರೆಗೆ, ಇಡೀ ಮನೆ ಹನಿ ನೀರೂ ಮುಟ್ಟುತ್ತಿರಲಿಲ್ಲವಂತೆ.

ನನ್ನದು ಕಳೆದದ್ದು ಬಿಳೇಕಹಳ್ಳಿಯ ಒಂದು ಬಾವಿಯಲ್ಲಿ. ಐವತ್ತರ ದಶಕದ ನಡುಭಾಗ. ನನಗೆ ಇಪ್ಪತ್ತೈದು ವರ್ಷ. ಸರ್ಕಾರಿ ಕಚೇರಿಯೊಂದರಲ್ಲಿ ಟ್ರೇಸರ್ ಆಗಿದ್ದೆ. ದೊಡ್ಡ ನಕ್ಷೆಗಳ ಮೇಲೆ ಮೇಣಬಟ್ಟೆ ಹಾಸಿ, ಇಂಕಿನಲ್ಲಿ ಗೆರೆ ತೆಗೆಯುವ ಕೆಲಸ. ಅಪ್ಪ ಇರಲಿಲ್ಲ. ಅವ್ವ, ನಾನು ಇಬ್ಬರೇ ಜಯನಗರದ ಹೊಸ ಬಡಾವಣೆಯ ಒಂದು ಸಣ್ಣ ಬಾಡಿಗೆ ಮನೆಯಲ್ಲಿದ್ದೆವು. ಆಗ ಅಲ್ಲಿ ಮನೆಗಳಿಗಿಂತ ಸೈಟಿನ ನಂಬರು ಬರೆದ ಕಲ್ಲುಗಳೇ ಹೆಚ್ಚು. ಕೆಂಪು ಮಣ್ಣಿನ ರಸ್ತೆಗಳು ಎಲ್ಲಿಗೂ ಹೋಗದೆ ಲಂಟಾನದ ಪೊದೆಯಲ್ಲಿ ಮುಗಿದುಹೋಗುತ್ತಿದ್ದವು.

ಕಚೇರಿಯ ಗೆಳೆಯರಿಬ್ಬರು ಈಜು ಕಲಿಸುತ್ತೇವೆಂದು ಒಂದು ಭಾನುವಾರ ರಾಗಿ ಹೊಲಗಳ ನಡುವೆ ನಡೆಸಿಕೊಂಡು ಹೋದರು. ಕರಡಿಗೆಯ ಮುಚ್ಚಳ ಸಡಿಲವಾಗಿದೆ, ಅಕ್ಕಸಾಲಿಗನಿಗೆ ತೋರಿಸು ಎಂದು ಅವ್ವ ಎರಡು ಸಲ ಹೇಳಿದ್ದಳು. ನಾನು ಎರಡು ಸಲವೂ ಹೂಂ ಎಂದಿದ್ದೆ. ಮೂರನೆಯ ಮೆಟ್ಟಿಲಿನಿಂದ ಹಾರಿದೆ. ಮೂಗಿಗೆಲ್ಲ ನೀರು ನುಗ್ಗಿ ಮೇಲೆ ಬಂದಾಗ, ಎದೆಯ ಮೇಲೆ ಕರಡಿಗೆ ಬಾಯಿ ತೆರೆದುಕೊಂಡು ನೇತಾಡುತ್ತಿತ್ತು. ಒಳಗೆ ಸ್ವಲ್ಪ ಬಾವಿ ನೀರಿತ್ತು. ಅಷ್ಟೇ.

ಗೆಳೆಯರು ಸಂಜೆಯವರೆಗೆ ಮುಳುಗಿ ಮುಳುಗಿ ಹುಡುಕಿದರು. ಅವರ ಕೈಗೆ ಸಿಕ್ಕಿದ್ದು ಒಂದು ತೂತಿನ ತಂಬಿಗೆ ಮಾತ್ರ. ಮನೆಗೆ ಹೊರಟಾಗ ನನಗೆ ಶಿವನ ಭಯಕ್ಕಿಂತ ಅವ್ವನ ಭಯವೇ ಹೆಚ್ಚಾಗಿತ್ತು. ನಾನು ಹೇಳಿದರೆ ಅವಳು ಆ ಕ್ಷಣದಿಂದಲೇ ಅನ್ನ ಬಿಡುತ್ತಾಳೆ. ಒಂದು ವಾರ ತಡೆಯೋಣ, ಅಯ್ಯನವರನ್ನು ಗುಟ್ಟಾಗಿ ಕಂಡು ಬೇರೊಂದು ಕಟ್ಟಿಸಿಕೊಂಡು, ಆಮೇಲೆ ಹೇಳೋಣ ಎಂದುಕೊಂಡೆ. ಅಲ್ಲಿಯವರೆಗೆ ಕರಡಿಗೆಯಲ್ಲಿ ಏನಾದರೂ ತೂಕ ಇರಬೇಕಲ್ಲ. ಅವ್ವನ ಎಲೆಅಡಿಕೆ ತಟ್ಟೆಯಿಂದ ಒಂದು ಗುಂಡು ಅಡಿಕೆ ತೆಗೆದು, ಅಲುಗಾಡದಂತೆ ಹತ್ತಿ ಸುತ್ತಿ ಒಳಗಿಟ್ಟೆ. ಸರಿಯಾಗಿ ಕೂತಿತು. ಅಳತೆಯ ವಿಷಯದಲ್ಲಿ ನನಗೆ ಯಾವಾಗಲೂ ಜಂಬ.

ಆ ಒಂದು ವಾರ ಏಳು ವರ್ಷವಾಯಿತು.

ಪೂಜೆಗೆ ಗೋಡೆಯ ಕಡೆ ಮುಖ ಮಾಡಿ ಕೂರಲು ಶುರುಮಾಡಿದೆ. ಮೊದಲು ಎರಡು ನಿಮಿಷದಲ್ಲಿ ಮುಗಿಸುತ್ತಿದ್ದವನು, ಅನುಮಾನ ಬರಬಾರದೆಂದು ಹತ್ತು ನಿಮಿಷ ಕೂರತೊಡಗಿದೆ. ಎಡಗೈಯಲ್ಲಿ ಅಡಿಕೆ. ಅದಕ್ಕೆ ವಿಭೂತಿ ಹಚ್ಚುವಷ್ಟು ಭಂಡತನ ಇರಲಿಲ್ಲ, ಹಚ್ಚಿದಂತೆ ಕೈಯಾಡಿಸುತ್ತಿದ್ದೆ. ಅವ್ವ ಪಕ್ಕದ ಮನೆಯ ಆಕೆಗೆ ಹೇಳುವುದು ಕಿಟಕಿಯಲ್ಲಿ ಕೇಳಿಸುತ್ತಿತ್ತು: “ನಮ್ಮುಡುಗ ಈಗೀಗ ಪೂಜೆಗೆ ಕೂತ್ರೆ ಪ್ರಪಂಚಾನೇ ಮರೀತಾನೆ ಕಣಮ್ಮ. ಗೋಡೆ ಕಡೆ ತಿರುಗಿ ಕೂತ್ಬಿಡ್ತಾನೆ, ಯಾರ ಮುಖಾನೂ ನೋಡಲ್ಲ.” ಅವಳು ಬೆಳಗಾಗುವ ಮೊದಲೇ ಬೀದಿಯ ಬೇಲಿಗಳಿಂದ ಹೂ ಬಿಡಿಸಿ, ಒಂದು ಎಲೆಯಲ್ಲಿ ನನ್ನ ಪಕ್ಕಕ್ಕೆ ತಂದಿಡುತ್ತಿದ್ದಳು. ಹುಡುಗಿ ನೋಡಲು ಕರೆದರೆ ನಾನು ಬೇಡವೆನ್ನುತ್ತಿದ್ದೆ. ಒಂದೇ ಮನೆಯಲ್ಲಿ ಇನ್ನೊಂದು ಜೊತೆ ಕಣ್ಣಿನಿಂದ ಅಡಿಕೆಯನ್ನು ಕಾಯುವುದು ನನ್ನಿಂದ ಆಗುತ್ತಿರಲಿಲ್ಲ. ನೆಂಟರಲ್ಲಿ ನನಗೆ ವೈರಾಗ್ಯ ಬಂದಿದೆ ಎಂದು ಸುದ್ದಿಯಾಯಿತು. ಎಂಟು ಹತ್ತು ತಿಂಗಳಿಗೊಮ್ಮೆ ಅಡಿಕೆಗೆ ಹುಳು ಬೀಳುತ್ತಿತ್ತು. ಬದಲಾಯಿಸುತ್ತಿದ್ದೆ.

ಯಜಮಾನರ ಪರಿಚಯವಾದದ್ದು ಲಿಂಗ ಕಳೆದ ಮರುವರ್ಷ. ನಮ್ಮ ಸಾಲಿನ ಕೊನೆಯ ಮನೆಯಲ್ಲಿ ಒಬ್ಬ ನಿವೃತ್ತ ಮೇಷ್ಟ್ರು ಬೆಳಗಿನ ಜಾವ ತೀರಿಕೊಂಡಿದ್ದರು. ಬಿಸಿಲೇರುವ ಮೊದಲೇ ಬಿಳಿ ಪೇಟದ, ತೆಳ್ಳನೆಯ, ಅರವತ್ತು ದಾಟಿದ ಒಬ್ಬರು ಹೆಂಡತಿಯ ಜೊತೆ ಬಸ್ಸಿಳಿದು ನಡೆದು ಬಂದರು. ಅಕ್ಕಿಪೇಟೆಯಲ್ಲಿ ಬೆಲ್ಲದ ಮಂಡಿ ಇಟ್ಟಿದ್ದವರು, ಈಗ ವ್ಯಾಪಾರವನ್ನು ಮಕ್ಕಳಿಗೆ ಬಿಟ್ಟಿದ್ದಾರೆ ಎಂದು ಯಾರೋ ಹೇಳಿದರು. ಅವರ ಕೈಯಲ್ಲೊಂದು ಬಟ್ಟೆ ಚೀಲ, ಹೆಂಡತಿಯ ಕೈಯಲ್ಲಿ ಮೂರಂತಸ್ತಿನ ಕ್ಯಾರಿಯರ್. ಆಕೆ ನೇರವಾಗಿ ಹಿತ್ತಲಿಗೆ ಹೋಗಿ, ಅಳುತ್ತಿದ್ದ ಮೊಮ್ಮಕ್ಕಳನ್ನು ಸಾಲಾಗಿ ಕೂರಿಸಿ, ಮೊಸರನ್ನದ ತುತ್ತು ಕೈಗೆ ಹಾಕತೊಡಗಿದರು. ದೊಡ್ಡವರ ದುಃಖಕ್ಕೆ ಆಕೆ ಕೈಹಾಕುತ್ತಿರಲಿಲ್ಲ. “ಅಳೋಕೆ ಶಕ್ತಿ ಬೇಕು, ತಿನ್ನಿ” ಎನ್ನುತ್ತಿದ್ದರು. ಎಲ್ಲರೂ ಅವರನ್ನು ಅಜ್ಜಿ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ.

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಪೂಜೆಗೆ ಕುಳಿತಂತೆ ಕೂರಿಸಿ, ಎಡಗೈಯಲ್ಲಿ ಅವರ ಲಿಂಗವನ್ನಿಟ್ಟು, ಹಾಗೆಯೇ ಮಣ್ಣಿಗಿಳಿಸುತ್ತೇವೆ. ಮೈ ಸೆಟೆದುಕೊಳ್ಳುವ ಮೊದಲು ಕೂರಿಸಬೇಕು. ತಡವಾದರೆ ಕಾಲು ಮಡಿಯುವುದಿಲ್ಲ, ಒತ್ತಾಯ ಮಾಡಬಾರದು. ಆ ಕೆಲಸ ಬಲ್ಲವರು ಈ ಕಡೆ ಆಗ ಅವರೊಬ್ಬರೇ. ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡಿ, “ಬಾಪ್ಪ, ಬೆನ್ನು ಹಿಡ್ಕೊ” ಎಂದರು. ಹೆಣ ಮುಟ್ಟಿದ್ದು ನಾನು ಅದೇ ಮೊದಲು. ಅವರು ಬಿಸಿನೀರಿನ ಬಟ್ಟೆಯಿಂದ ಮೇಷ್ಟ್ರ ಮೊಣಕಾಲನ್ನು ಒತ್ತುತ್ತಾ, ಮನೆಗೆ ಬಂದ ಅತಿಥಿಯೊಡನೆ ಮಾತಾಡುವ ದನಿಯಲ್ಲಿ, “ಕಾಲು ಮಡಿಸ್ಕೊಳ್ಳಿ ಮೇಷ್ಟ್ರೇ. ಹಂಗೇ. ಆಯ್ತು, ಇನ್ನೊಂದು. ಒಂಚೂರು ಒರಗ್ಕೊಳ್ಳಿ, ಈ ಹುಡುಗ ಹಿಡ್ಕೊಂಡವ್ನೆ” ಎನ್ನುತ್ತಿದ್ದರು.

ಆಮೇಲೆ ಕೇಳಿದೆ. “ಅವ್ರಿಗೆ ಕೇಳಿಸ್ತದಾ ಯಜಮಾನ್ರೇ?”

“ಅವ್ರಿಗೆ ಕೇಳಿಸ್ತದೋ ಇಲ್ವೋ ಗೊತ್ತಿಲ್ಲಪ್ಪ. ನನ್ ಕೈಗೆ ಕೇಳಿಸ್ತದೆ. ಮಾತಾಡ್ತಿದ್ರೆ ಕೈ ಒರಟಾಗಲ್ಲ.”

ಕೂರಿಸಿದ ಮೇಲೆ ಅವರು ಮೇಷ್ಟ್ರ ಕೊರಳಿನ ಕರಡಿಗೆಯನ್ನು ಬಿಚ್ಚಿದರು. ಎಲ್ಲರೂ ನೋಡುತ್ತಿರುವಂತೆ ಮುಚ್ಚಳ ತೆಗೆದು, ಲಿಂಗವನ್ನು ಹೊರತೆಗೆದು, ತೊಳೆದು, ವಿಭೂತಿ ಹಚ್ಚಿ, ಮೇಷ್ಟ್ರ ಎಡ ಅಂಗೈಯಲ್ಲಿಟ್ಟು ಬೆರಳು ಮಡಚಿದರು. ನಾನು ಹಿಂದೆ ಬೆನ್ನು ಹಿಡಿದು ನಿಂತಿದ್ದೆ. ಆಗಲೇ ನನಗೆ ಹೊಳೆದದ್ದು: ನಾನು ಸತ್ತ ದಿನ ಈ ಮನುಷ್ಯ ಬಸ್ಸಿಳಿದು ಬರುತ್ತಾರೆ, ಹೀಗೆಯೇ ಎಲ್ಲರ ಮುಂದೆ ಮುಚ್ಚಳ ತೆಗೆಯುತ್ತಾರೆ.

ಅಂದಿನಿಂದ ನನಗೆ ಸಾವಿನ ಭಯ ಶುರುವಾಯಿತು. ಸಾವೆಂದರೆ ಏನು ಎಂಬ ದೊಡ್ಡ ಚಿಂತೆಯಲ್ಲ. ಅಡಿಕೆ ಬಯಲಾಗುವ ಚಿಂತೆ. ಬಸ್ಸಿನ ಫುಟ್‌ಬೋರ್ಡಿನ ಮೇಲೆ ನಿಲ್ಲುವುದನ್ನು ಬಿಟ್ಟೆ. ಈಜನ್ನಂತೂ ಮೊದಲೇ ಬಿಟ್ಟಿದ್ದೆ. ಸಣ್ಣ ಜ್ವರ ಬಂದರೂ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದು ಮಲಗುತ್ತಿದ್ದೆ. ಅದನ್ನು ಕಂಡು ಅವ್ವ ಕಣ್ಣು ಒದ್ದೆ ಮಾಡಿಕೊಳ್ಳುತ್ತಿದ್ದಳು.

ಅದೇ ದಿನ ಮಧ್ಯಾಹ್ನ ರುದ್ರಭೂಮಿಯಲ್ಲಿ ಇನ್ನೊಂದು ಸಂಗತಿ ಕಂಡೆ. ಕೂರಿಸುವ ಗುಂಡಿಯ ರೀತಿಯೇ ಬೇರೆ. ಒಳಗೆ ಒಂದು ಗೂಡು ಕೊರೆದು ಅದರಲ್ಲಿ ಕೂರಿಸಬೇಕು. ನಾನು ನಕ್ಷೆ ಕಚೇರಿಯವನೆಂದು ಗೊತ್ತಾಗಿ, ಅಳತೆ ನೋಡು ಎಂದರು. ಚರ್ಮದ ಪೆಟ್ಟಿಗೆಯ ಟೇಪು ತರಿಸಿ ಅಗಲ, ಎತ್ತರ, ಆಳ ನೋಡಿ, ಕಾಲು ಇಂಚಿನವರೆಗೆ ಸರಿಯಿದೆ ಎಂದೆ. ಯಜಮಾನರು “ಸಂತೋಷ” ಎಂದವರು, ಪೇಟ ತೆಗೆದು ನನ್ನ ಕೈಗೆ ಕೊಟ್ಟು, ಗುಂಡಿಗಿಳಿದು, ಗೂಡಿನೊಳಗೆ ಪದ್ಮಾಸನ ಹಾಕಿ ಕೂತುಬಿಟ್ಟರು. ಕಣ್ಣು ಮುಚ್ಚಿ ಒಂದೆರಡು ಉಸಿರು ಎಳೆದರು. ನಾನು ಹೆದರಿ ಅಯ್ಯನವರ ಮುಖ ನೋಡಿದೆ. ಅವರಿಗೆ ಇದು ಹೊಸದಾಗಿರಲಿಲ್ಲ.

“ಬೆನ್ನಿಗೆ ಎಡಗಡೆ ಒಂದು ಕಲ್ಲು ಒತ್ತುತ್ತೆ. ಕೆತ್ತಪ್ಪ” ಎಂದರು ಗುಂಡಿಯಿಂದಲೇ.

ಅಗೆಯುವವನು ಬೆವರು ಒರೆಸಿಕೊಂಡು, “ಸತ್ತೋರ್ಗೆ ಏನ್ ಗೊತ್ತಾಗ್ತದೆ ಯಜಮಾನ್ರೇ?” ಎಂದ.

“ನಂಗೆ ಗೊತ್ತಾಯ್ತಲ್ಲ. ಕೆತ್ತು.”

ಹೀಗೆ ಆರು ವರ್ಷ ನಾನು ಅವರ ಹಿಂದೆ ಹೋದೆ. ಅರೆಕೆರೆಯ ಬಂಡೆ ನೆಲದಲ್ಲಿ, ಬನಶಂಕರಿ ಕಡೆಯ ತೋಟಗಳಲ್ಲಿ, ಹೊಸ ಬಡಾವಣೆಗಳ ಅರ್ಧ ಕಟ್ಟಿದ ಮನೆಗಳಲ್ಲಿ. ಅವರು ಸಾವಾದ ಮನೆಯಲ್ಲಿ ಒಂದು ಲೋಟ ನೀರೂ ಕುಡಿಯುತ್ತಿರಲಿಲ್ಲ. ಮಣ್ಣಾದ ಮೇಲೆ ಹೇಳದೆ ಹೊರಟುಬಿಡುತ್ತಿದ್ದರು, ಥ್ಯಾಂಕ್ಸ್ ಹೇಳಲು ಹುಡುಕುವ ಹೊತ್ತಿಗೆ ಬಸ್ ಸ್ಟಾಪಿನಲ್ಲಿರುತ್ತಿದ್ದರು. ಕೆಲಸವನ್ನೆಲ್ಲ ನನಗೆ ಕಲಿಸಿದರು, ಒಂದನ್ನು ಬಿಟ್ಟು. ಕರಡಿಗೆ ತೆಗೆದು ಲಿಂಗ ಕೈಗಿಡುವುದನ್ನು ಯಾವಾಗಲೂ ಅವರೇ ಮಾಡುತ್ತಿದ್ದರು. ಅದನ್ನು ಮಾಡುವವನ ಕೊರಳಲ್ಲಿ ಲಿಂಗವಿರಬೇಕು, ಅಂದು ಬೆಳಿಗ್ಗೆ ಪೂಜೆಯಾಗಿರಬೇಕು. ನಾನು ಸೇವಾಭಾವದಿಂದ ಹೋಗುತ್ತಿದ್ದೆ ಎಂದು ಶಾಲು ಹೊದಿಸುವಾಗ ಹೇಳುತ್ತಾರೆ. ಇರಬಹುದು. ಜೊತೆಗೆ, ಅವರೊಡನೆ ಸಲಿಗೆಯಾದರೆ ನನ್ನ ಕರಡಿಗೆಯನ್ನು ನಾಲ್ಕು ಜನರ ಮುಂದೆ ತೆಗೆಯಲಾರರು ಎಂಬ ಲೆಕ್ಕವೂ ಇತ್ತು.

ಆರನೆಯ ವರ್ಷದ ಚಳಿಗಾಲದಲ್ಲಿ ಯಜಮಾನರು ಹಾಸಿಗೆ ಹಿಡಿದರು. ಎದೆಯಲ್ಲಿ ನೀರು ಎಂದರು ಡಾಕ್ಟರು. ನಾನು ಕಚೇರಿಯಿಂದ ಸೈಕಲ್ಲಿನಲ್ಲಿ ಹೋಗಿ ನೋಡಿಕೊಂಡು ಬರುತ್ತಿದ್ದೆ. ಒಂದು ಸಂಜೆ ಅವರು ದಿಂಬಿಗೊರಗಿ ಕುಳಿತು, ಮಂಡಿಗೆ ಸರಕು ಹೇಳುವಷ್ಟೇ ಸಲೀಸಾಗಿ ಹೇಳಿದರು: “ನನ್ನ ಕೂರಿಸೋನು ನೀನೇ. ಲಿಂಗ ಇಡೋನೂ ನೀನೇ. ಮಕ್ಕಳಿಗೆ ಹೇಳಿದೀನಿ. ಅವ್ರು ಅಳ್ತಾ ಕೂತ್ಕೋತಾರೆ, ಕೆಲಸ ಕೆಡ್ತದೆ.”

ನಾನು ಆಗಲಿ ಎಂದೆ. ಎದ್ದು ಹೊರಗೆ ಬಂದು ಸೈಕಲ್ಲಿನ ಬೀಗ ತೆಗೆಯಲು ಹೋದರೆ ಬೀಗದ ಕೈ ತೂರುತ್ತಲೇ ಇರಲಿಲ್ಲ.

ಹೇಳಲೇಬೇಕು ಎಂದು ಮಾರನೆಯ ದಿನ ಹೋದೆ. ನೆಂಟರಿದ್ದರು. ಅದರ ಮಾರನೆಯ ದಿನ ಹೋದೆ. ಅಜ್ಜಿ ಕಾಫಿ ತಂದಿಟ್ಟು ಎದುರಿಗೇ ಕೂತರು, ಏಳಲಿಲ್ಲ. ಮೂರನೆಯ ದಿನ ಕೋಣೆಯಲ್ಲಿ ಯಜಮಾನರೊಬ್ಬರೇ ಇದ್ದರು. ನಾನು ಬಾಗಿಲು ಮುಂದಕ್ಕೆ ಮಾಡಿ, ನಿಂತುಕೊಂಡೇ, ಬಾವಿಯಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಹೇಳುವಾಗ ಅವರ ಕಾಲಬೆರಳುಗಳನ್ನೇ ನೋಡುತ್ತಿದ್ದೆ. ಅವು ಊದಿದ್ದವು.

ಅವರು ದಿಂಬಿನಿಂದ ಸ್ವಲ್ಪ ಮೇಲೆದ್ದರು. ಆಮೇಲೆ, “ಏಳು ವರ್ಷಾನೂ ಅದೇ ಅಡಿಕೇನಾ?”

“ಇಲ್ಲ ಯಜಮಾನ್ರೇ. ಹುಳ ಬೀಳ್ತಿತ್ತು. ಬದಲಾಯಿಸ್ತಿದ್ದೆ.”

ಅವರ ಹೊಟ್ಟೆ ಕುಲುಕಲು ಶುರುವಾಯಿತು. ನಕ್ಕರು, ನಕ್ಕು ಕೆಮ್ಮಿದರು, ಕೆಮ್ಮಿ ಮತ್ತೆ ನಕ್ಕರು. ಅಜ್ಜಿ ಒಳಗಿನಿಂದ, “ಏನಾಯ್ತ್ರೀ?” ಎಂದು ಕೂಗಿದರು. “ಏನಿಲ್ಲ ಕಣೇ, ಇವ್ನು ಅಡಿಕೆ ಧಾರಣೆ ಹೇಳ್ತಾವ್ನೆ” ಎಂದರು. ಉಸಿರು ಹತೋಟಿಗೆ ಬರಲು ತುಂಬ ಹೊತ್ತು ಹಿಡಿಯಿತು. ಬಂದ ಮೇಲೆ ಮುಖದಲ್ಲಿ ನಗುವಿರಲಿಲ್ಲ.

“ನೋಡಪ್ಪ. ಅಯ್ಯನೋರಿಗೆ ನಾನು ಹೇಳಿದ್ರೆ ನಾಳೇನೇ ಕಟ್ತಾರೆ. ಅದು ದೊಡ್ಡ ವಿಷ್ಯ ಅಲ್ಲ. ಆದ್ರೆ ಆ ತಾಯಿ ದಿನಾ ಎದ್ದು ಹೂ ತಂದ್ಕೊಡ್ತದೆ. ಅವ್ರಿಗೆ ಹೇಳ್ದೆ ಕಟ್ಟಿಸ್ಕೊಂಡ್ರೆ, ಅದೂ ಅಡಿಕೇನೇ. ಮೊದ್ಲು ನಿಮ್ಮವ್ವಂಗೆ ಹೇಳು. ಆಮೇಲೆ ಕಟ್ಟಿಸ್ಕೋ. ಆಮೇಲೆ ನನ್ ಹತ್ರ ಬಾ.”

“ಆಗ್ಲಿ.”

“ನಾನು ಕಾಯ್ತೀನಿ. ಆದ್ರೆ ಜಾಸ್ತಿ ದಿನ ಕಾಯೋಕೆ ಆಗಲ್ಲ ಕಣೋ.”

ಇಲ್ಲಿಂದ ಮುಂದಿನ ನಾಲ್ಕು ದಿನಗಳನ್ನು ನಾನು ಒಂದೊಂದಾಗಿಯೇ ಬರೆಯಬೇಕು. ಮೊದಲ ದಿನ ಅವ್ವ ಬಹಳ ಖುಷಿಯಲ್ಲಿದ್ದಳು, ಯಾಕೆ ಕೆಡಿಸಲಿ ಎಂದುಕೊಂಡೆ. ಎರಡನೆಯ ದಿನ ಯಾವುದಕ್ಕೋ ಸಿಡುಕುತ್ತಿದ್ದಳು, ಇಂಥ ಹೊತ್ತಲ್ಲಿ ಬೇಡ ಎಂದುಕೊಂಡೆ. ಮೂರನೆಯ ದಿನ ಹೇಳಿಯೇಬಿಡಬೇಕೆಂದು ಮನೆಗೆ ಬಂದರೆ ಬಾಗಿಲಿಗೆ ಬೀಗ. ಯಜಮಾನರನ್ನು ನೋಡಿ ಬರಲು ವಿಲ್ಸನ್ ಗಾರ್ಡನ್ನಿಗೆ ಹೋಗಿದ್ದಳು. ಬಂದವಳು, “ನಿನ್ನ ಕೇಳಿದ್ರು ಕಣೋ. ಹುಡುಗ ಏನಾದ್ರೂ ಹೇಳಿದ್ನಾ ತಾಯೀ ಅಂದ್ರು. ಏನು ಹೇಳ್ಬೇಕಿತ್ತು?” ಎಂದಳು. ಹೇಳಿಬಿಡಲು ಬಾಗಿಲು ಅಷ್ಟು ಚೆನ್ನಾಗಿ ತೆರೆದಿತ್ತು. ನಾನು, “ಆಫೀಸಿನ ವಿಷ್ಯ” ಎಂದೆ. ನಾಲ್ಕನೆಯ ದಿನ ಬೆಳಿಗ್ಗೆ, ಗೋಡೆಯ ಕಡೆ ತಿರುಗಿ ಅಡಿಕೆ ಹಿಡಿದು ಕೂತಿರುವಾಗ, ಯಜಮಾನರ ದೊಡ್ಡ ಮಗ ಸೈಕಲ್ಲಿನಲ್ಲಿ ಬಂದು ಬಾಗಿಲು ತಟ್ಟಿದ.

ನಾವು ಹೋಗುವ ಹೊತ್ತಿಗೆ ನಡುಮನೆಯಲ್ಲಿ ಮೂವತ್ತು ಜನರಿದ್ದರು. ಯಜಮಾನರನ್ನು ಮಂಚದ ಮೇಲೆ ಮಲಗಿಸಿದ್ದರು. ತಲೆಯ ಬಳಿ ಅಜ್ಜಿ, ಕಾಲಿನ ಬಳಿ ಅಯ್ಯನವರು. ಅವ್ವ ಹೆಂಗಸರ ನಡುವೆ ಹೋಗಿ ಕೂತಳು. ಅಜ್ಜಿ ನನ್ನನ್ನು ನೋಡಿ, “ಬಂದ್ಯಾ? ನೀರು ಕಾಯ್ದದೆ. ನೀನು ಬರೋವರ್ಗೂ ಯಾರೂ ಮುಟ್ಟಬೇಡಿ ಅಂದಿದ್ರು” ಎಂದರು.

ಯಾರೂ ಮುಟ್ಟಬೇಡಿ ಎಂದಿದ್ದರು. ನಾನು ಅವ್ವನಿಗೆ ಹೇಳಿಯೇ ಬರುತ್ತೇನೆ ಎಂದು ನಂಬಿಯೇ ಹೋಗಿದ್ದರು.

ನಾನು ನಿಂತಿದ್ದೆ. ಅಡಿಕೆಯ ಗುಟ್ಟು ಗೊತ್ತಿದ್ದದ್ದು ಇಬ್ಬರಿಗೆ, ಅವರಲ್ಲೊಬ್ಬರು ಮಾತಾಡುವಂತಿರಲಿಲ್ಲ. ಸುಮ್ಮನೆ ಕೂರಿಸಿ, ಲಿಂಗವಿಟ್ಟು ಮುಗಿಸಿಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ. ಈ ಯೋಚನೆ ನನಗೆ ಬರಲಿಲ್ಲ ಎಂದು ಬರೆದರೆ ಅದು ಇನ್ನೊಂದು ಅಡಿಕೆಯಾಗುತ್ತದೆ. ಬಂತು. ನೂರು ಎಣಿಸುವಷ್ಟು ಹೊತ್ತು ಇತ್ತು. ಅವರ ಮೊಣಕಾಲಿನ ಮೇಲೆ ಕೈಯಿಟ್ಟೆ. ಇನ್ನೂ ಬೆಚ್ಚಗಿತ್ತು, ಇನ್ನೂ ಮೆತ್ತಗಿತ್ತು. ಕಾಲು ಮಡಿಸ್ಕೊಳ್ಳಿ ಎಂದು ಹೇಳಬೇಕು, ಬಾಯಿ ತೆರೆದೆ. ಆ ಮಾತು ಬರಲಿಲ್ಲ. ಬಂದದ್ದು ಬೇರೆ.

“ಅಜ್ಜಿ, ನಾನು ಮಾಡೋ ಹಂಗಿಲ್ಲ. ನಂದು ಖಾಲಿ.”

“ಏನು ಖಾಲಿ?”

ಕರಡಿಗೆಯನ್ನು ಕೈಯಲ್ಲಿ ಹಿಡಿದು ಮುಚ್ಚಳ ಎಳೆದೆ. ಏಳು ವರ್ಷ ಸಡಿಲವಾಗಿದ್ದ ಮುಚ್ಚಳ ಆಗ ಬಿಗಿದುಕೊಂಡಿತು. ಜೋರಾಗಿ ಎಳೆದಾಗ ಒಮ್ಮೆಗೇ ತೆರೆದುಕೊಂಡು, ಹತ್ತಿ ಒಂದು ಕಡೆ ಹಾರಿ, ಅಡಿಕೆ ನೆಲಕ್ಕೆ ಬಿತ್ತು. ಅದು ಮಂಚದ ಕೆಳಗಾದರೂ ಹೋಗಬಾರದಿತ್ತೇ. ಸಿಮೆಂಟಿನ ನೆಲದ ಮೇಲೆ ಸದ್ದು ಮಾಡುತ್ತಾ, ಮೂವತ್ತು ಜನರ ನಡುವೆ ನಿಧಾನವಾಗಿ ಉರುಳಿ, ಅಜ್ಜಿಯ ಪಾದಕ್ಕೆ ತಗುಲಿ ನಿಂತಿತು.

ನಾನು ಅವ್ವನ ಕಡೆ ನೋಡಲಿಲ್ಲ. ನೆಲ ನೋಡುತ್ತಲೇ ಹೇಳಿದೆ: ಬಾವಿಯಲ್ಲಿ ಹೋಯಿತು, ಏಳು ವರ್ಷವಾಯಿತು, ಯಜಮಾನರಿಗೆ ಹೇಳಿದ್ದೆ, ಅವ್ವನಿಗೆ ಹೇಳಿ ಬಾ ಎಂದಿದ್ದರು, ಹೇಳಲಿಲ್ಲ.

ಅಜ್ಜಿ ಬಗ್ಗಿ ಅಡಿಕೆಯನ್ನು ಎತ್ತಿಕೊಂಡರು. ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. “ಹುಳ ಬಿದ್ದದೆ” ಎಂದು ಕಿಟಕಿಯಿಂದಾಚೆ ಎಸೆದರು. ಆಮೇಲೆ ಎದ್ದು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬಿಸಿನೀರಿನ ಪಾತ್ರೆಯನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡರು.

ನೆಂಟರಲ್ಲಿ ಹಿರಿಯರೊಬ್ಬರು, “ಅತ್ತಿಗೆ, ಹೆಂಗಸ್ರು ಲಿಂಗ ಇಡೋ ಪದ್ಧತಿ ನಮ್ಮಲ್ಲಿಲ್ಲ” ಎಂದರು.

“ನನ್ ಕೊರಳಲ್ಲಿರೋದು ಏನು, ಬದನೆಕಾಯಾ?” ಎಂದರು ಅಜ್ಜಿ, ತಿರುಗಿಯೂ ನೋಡದೆ. “ನನ್ ಪೂಜೆ ಆಗದೆ. ಅಯ್ಯನೋರೇ, ನೀವೇನಂತೀರಿ?”

ಅಯ್ಯನವರು ಒಂದು ಕ್ಷಣ ಯೋಚಿಸಿ, ಆಗಬಹುದೆಂದು ತಲೆಯಾಡಿಸಿದರು.

ನಾನು ಹಿಂದೆ ಸರಿಯಹೋದೆ. “ಎಲ್ಲಿಗೋ?” ಎಂದರು ಅಜ್ಜಿ. “ಲಿಂಗ ನಾನಿಡ್ತೀನಿ. ಬೆನ್ನು ಹಿಡಿಯೋಕೆ ತೋಳು ಇದ್ರೆ ಸಾಕು. ಅದಾದ್ರೂ ಐತೋ, ಅದೂ ಖಾಲಿಯೋ?”

ಹಿಡಿದೆ. ಆಕೆ ಗಂಡನ ಮೊಣಕಾಲಿಗೆ ಬಟ್ಟೆ ಒತ್ತುತ್ತಾ ಮಾತಾಡತೊಡಗಿದರು. ಯಜಮಾನರ ದನಿಯಲ್ಲಲ್ಲ, ತಮ್ಮದೇ ದನಿಯಲ್ಲಿ. “ಮಡಿಸ್ರಿ ಕಾಲು. ಜನ ಕಾಯ್ತಾವ್ರೆ. ಒಂದಿನಾನೂ ಹೇಳಿದ ತಕ್ಷಣ ಕೇಳ್ಲಿಲ್ಲ ನೀವು. ಹಾಂ, ಹಂಗೆ. ಇನ್ನೊಂದು.” ಮಡಿಯಿತು. ಕರಡಿಗೆ ತೆಗೆದು, ಲಿಂಗ ತೊಳೆದು, ವಿಭೂತಿ ಹಚ್ಚಿ ಅವರ ಎಡಗೈಯಲ್ಲಿಟ್ಟರು. ಬೆರಳುಗಳನ್ನು ಒಂದೊಂದಾಗಿ ಮಡಚಿದರು. ಮಡಚಿದ ಮೇಲೆ ಆ ಮುಷ್ಟಿಯನ್ನು ತಮ್ಮೆರಡೂ ಕೈಯಲ್ಲಿ ಹಿಡಿದುಕೊಂಡು, ಬಿಡಲಿಲ್ಲ. ಎಷ್ಟು ಹೊತ್ತು ಎಂದು ನಾನು ಅಳೆಯಲಿಲ್ಲ. ನನ್ನ ತೋಳು ಮರಗಟ್ಟಿತ್ತು.

ಮಧ್ಯಾಹ್ನ ರುದ್ರಭೂಮಿಗೆ ಹೊರಡುವಾಗ ಅಜ್ಜಿ ನನ್ನನ್ನು ಕರೆದು ಹೇಳಿದರು: “ಮುಂದೆ ಹೋಗಿ ಗುಂಡೀಲಿ ಕೂತು ನೋಡು. ಅವ್ರಿದ್ದಿದ್ರೆ ಅವ್ರೇ ನೋಡ್ಕೊಳ್ತಿದ್ರು.” ಹೇಳಿದ ಮೇಲೆ ಆ ಮಾತಿನ ವಿಚಿತ್ರ ಅವರಿಗೇ ತಿಳಿದು, ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಆರು ವರ್ಷದಲ್ಲಿ ನಾನೊಮ್ಮೆಯೂ ಗುಂಡಿಗೆ ಇಳಿದು ಕೂತಿರಲಿಲ್ಲ. ಅಂದು ಇಳಿದೆ. ಗೂಡಿನೊಳಗೆ ಕಾಲು ಮಡಿಸಿ ಕೂತೆ. ಒದ್ದೆ ಮಣ್ಣಿನ ತಂಪು, ಬೇರುಗಳ ವಾಸನೆ. ಮೇಲೆ ನೋಡಿದರೆ ಚೌಕವಾದ ಆಕಾಶ, ಅಂಚಿನಲ್ಲಿ ನಾಲ್ಕಾರು ತಲೆಗಳು. ಕಣ್ಣು ಮುಚ್ಚಿದೆ. ಎದೆಯ ಮೇಲೆ ಖಾಲಿ ಕರಡಿಗೆ ಇತ್ತು, ಅದರ ಹಗುರ ನನಗೆ ಅಭ್ಯಾಸವಿರಲಿಲ್ಲ. ಸೊಂಟದ ಹತ್ತಿರ ಒಂದು ಕಲ್ಲು ಒತ್ತಿತು. ಕೆತ್ತಿಸಿದೆ. ಮತ್ತೆ ಕೂತು ನೋಡಿದೆ. ಇನ್ನೂ ಸ್ವಲ್ಪ ಒತ್ತಿತು. ಮತ್ತೆ ಕೆತ್ತಿಸಿದೆ.

ಸಂಜೆ ಅವ್ವ, ನಾನು ಮನೆಗೆ ನಡೆದೇ ಬಂದೆವು. ಲಾಲ್‌ಬಾಗ್ ದಾಟುವವರೆಗೂ ಅವಳು ನನಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದಳು. ಸಿದ್ಧಪಡಿಸಿಕೊಂಡಿದ್ದ ಕ್ಷಮೆಯ ಮಾತುಗಳನ್ನು ನಾನು ಒಳಗೇ ತಿದ್ದುತ್ತಿದ್ದೆ. ಕೊನೆಗೆ ಅವಳೇ ನಿಂತು, ಸೊಂಟದ ಮೇಲೆ ಕೈಯಿಟ್ಟು, “ಏಳು ವರ್ಷ ನಾನು ಆ ಅಡಿಕೆಗೆ ಹೂ ತಂದ್ಕೊಟ್ನಲ್ಲೋ!” ಎಂದಳು. ಬೈದಳೋ ಅತ್ತಳೋ ಹೇಳಲಾರೆ. ಎರಡೂ ಇತ್ತು. ಸ್ವಲ್ಪ ದೂರ ನಡೆದ ಮೇಲೆ, “ಅದೂ ಆ ಮೂಲೆ ಮನೆಯವರ ಕನಕಾಂಬರ. ಅವ್ರ ಹತ್ರ ಎಷ್ಟು ಬೈಸ್ಕೊಂಡಿದೀನಿ ಗೊತ್ತಾ?” ಎಂದಳು. ಅಂದು ರಾತ್ರಿ ಒಲೆ ಹಚ್ಚಲಿಲ್ಲ. ಇಬ್ಬರೂ ನೀರು ಮುಟ್ಟಲಿಲ್ಲ. ಏಳು ವರ್ಷ ನಾನು ತಪ್ಪಿಸಲು ನೋಡಿದ ಉಪವಾಸ ಅದು. ಒಂದೇ ಒಂದು ರಾತ್ರಿ. ಬೆಳಿಗ್ಗೆ ಅಯ್ಯನವರು ಬಂದು ಹೊಸ ಲಿಂಗ ಕಟ್ಟಿದರು. ಅವ್ವ ಹೂ ತಂದು ಪಕ್ಕದಲ್ಲಿಟ್ಟು, “ಇತ್ಲಾಗೆ ತಿರುಗಿ ಕೂತ್ಕೊ” ಎಂದಳು.

ತಿಂಗಳು ಕಳೆಯುವುದರೊಳಗೆ ಅಜ್ಜಿಯಿಂದ ಕರೆ ಬಂತು. ಬನಶಂಕರಿ ಕಡೆ ಯಾರೋ ತೀರಿಕೊಂಡಿದ್ದರು. ಬಸ್ ಸ್ಟಾಪಿನಲ್ಲಿ ಅವರು ಒಂದು ಕೈಯಲ್ಲಿ ಗಂಡನ ಬಟ್ಟೆ ಚೀಲ, ಇನ್ನೊಂದು ಕೈಯಲ್ಲಿ ಕ್ಯಾರಿಯರ್ ಹಿಡಿದು ನಿಂತಿದ್ದರು. “ಟೇಪ್ ತಂದ್ಯಾ?” ಎಂದರು. ಆಮೇಲೆ ನನ್ನ ಎದೆಯ ಕಡೆ ಬೆರಳು ತೋರಿಸಿ, “ಅಲ್ಲಾಡಿಸು ನೋಡಣ” ಎಂದರು. ಬಸ್ ಸ್ಟಾಪಿನಲ್ಲಿ ಎಲ್ಲರೆದುರು ನನ್ನ ಕರಡಿಗೆಯನ್ನು ಅವರ ಕಿವಿಯ ಬಳಿ ಹಿಡಿದು ಅಲ್ಲಾಡಿಸಿದೆ. ಐದಾರು ವರ್ಷ ಅವರೇ ಆ ಕೆಲಸ ನಡೆಸಿದರು, ಪ್ರತಿಸಲವೂ ಹೊರಡುವ ಮೊದಲು ಈ ತನಿಖೆ ನಡೆಯಿತು.

ಅವರು ತೀರಿಕೊಂಡಾಗ ಕೂರಿಸಿದವನು ನಾನೇ. ಲಿಂಗವನ್ನೂ ನಾನೇ ಇಟ್ಟೆ. ಬೇಗ ಮಡಿಸಿ ಅಜ್ಜಿ, ಜನ ಕಾಯ್ತಾವ್ರೆ ಎಂದೆ. ಕೈ ಒರಟಾಗಲಿಲ್ಲ ಎಂದು ನನ್ನ ನಂಬಿಕೆ. ಆಮೇಲೆ ರುದ್ರಭೂಮಿಗೆ ಹೋಗಿ, ಯಜಮಾನರ ಪಕ್ಕದಲ್ಲೇ ತೋಡಿದ್ದ ಗುಂಡಿಗಿಳಿದು ಕೂತೆ. ಕಣ್ಣು ಮುಚ್ಚಿದೆ. ಬೆನ್ನಿಗೆ ಬಲಗಡೆ ಏನೋ ಒತ್ತುತ್ತಿತ್ತು.

“ಕಲ್ಲು ಒತ್ತುತ್ತೆ. ಕೆತ್ತಪ್ಪ.”

ಅಗೆಯುವವನು ಹೊಸಬ. “ಅಲ್ಲಿ ಬರೀ ಮಣ್ಣಿದೆ ಸಾರ್. ಅಲ್ದೆ, ಸತ್ತೋರ್ಗೆ ಏನ್ ಗೊತ್ತಾಗುತ್ತೆ?”

“ನಂಗೆ ಗೊತ್ತಾಯ್ತಲ್ಲ. ಕೆತ್ತು.” ಈ ಮಾತನ್ನು ಹೇಳುವ ಅವಕಾಶಕ್ಕಾಗಿ ವರ್ಷಗಟ್ಟಲೆ ಕಾದಿದ್ದವನಂತೆ ಹೇಳಿದೆ.

ಅವನು ಕೆತ್ತಿದ. ಮತ್ತೆ ಕೂತೆ, ಒತ್ತಿತು. ಮತ್ತೆ ಕೆತ್ತಿದ. ಬಿಸಿಲಿನಲ್ಲಿ ಕಾಲು ಗಂಟೆ ಹೀಗೆ ನಡೆಯಿತು. ಗೂಡು ಒಂದು ಕಡೆ ಅಗತ್ಯಕ್ಕಿಂತ ದೊಡ್ಡದಾಯಿತು. ಕೊನೆಗೆ ಏಳುವಾಗ ಬೆನ್ನಿಗೆ ಕೈ ಹಾಕಿದರೆ, ಹೆಗಲಿಗೆ ನೇತುಹಾಕಿಕೊಂಡಿದ್ದ ಟೇಪಿನ ಪೆಟ್ಟಿಗೆ ಹಿಂದಕ್ಕೆ ಸರಿದು ಅಲ್ಲಿ ಕೂತಿತ್ತು.

ಮೇಲೆ ಬಂದು, “ಈಗ ಸರಿಯಾಯ್ತು” ಎಂದೆ. ಅವನು ಹಣೆಯ ಬೆವರು ಒರೆಸಿಕೊಂಡ. ಅವನಿಗೆ ನಾನು ಆ ಪೆಟ್ಟಿಗೆಯ ವಿಷಯ ಹೇಳಲಿಲ್ಲ.